ಕಂಪ್ರೆಸರ್ ಲೆಕ್ಕ ಎಲ್ಲಿ ಹೋಯ್ತು?

ಕಂಪ್ರೆಸರ್ ಒತ್ತಿ ಕೊಡೋ ಗಾಳಿಯಿಂದ ಓಡೋ, ಕಬ್ಬಿಣ ಉಜ್ಜೋ ಏರ್ ಗ್ರೈಂಡರ್ ಹಗುರ, ಕರೆಂಟ್ ಗ್ರೈಂಡರಿನ ಮೋಟರಿನ ಹಾಗೆ ಸುಡೋದಿಲ್ಲ, ಹಾಗಾಗಿ ಸಣ್ಣ ವರ್ಕ್‌ಶಾಪಿಗೂ ಅದೇ ಲಾಭ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ ಸರ್. ಮೊದಲೆರಡು ಮಾತು ನಿಜ, ಮೂರನೆಯದನ್ನ ಒಪ್ಪೋಕಾಗಲ್ಲ. 4 ಇಂಚಿನ ಏರ್ ಗ್ರೈಂಡರ್ ಬಿಡದೆ ಓಡಬೇಕಂದ್ರೆ 90 ಪಿಎಸ್‌ಐ ಒತ್ತಡದಲ್ಲಿ ನಿಮಿಷಕ್ಕೆ ಸುಮಾರು 15-20 ಘನ ಅಡಿ ಗಾಳಿ ಬೇಕು. ನಮ್ಮ ಕೊಪ್ಪಳದ ಗೇಟು-ಗ್ರಿಲ್ ಅಂಗಡಿಗಳಲ್ಲಿ ಇರೋದು ಬಣ್ಣ ಹೊಡೆಯೋ 2 ಎಚ್‌ಪಿ ಕಂಪ್ರೆಸರ್, ಅದು ಇದರ ಅರ್ಧ ಕೊಟ್ಟರೆ ಹೆಚ್ಚು. ಒಂದು ವೆಲ್ಡಿಂಗ್ ಜಾಯಿಂಟ್ ಉಜ್ಜಿ ಮುಗಿಸೋದ್ರೊಳಗೆ ಒತ್ತಡ ತೋರಿಸೋ ಮೀಟರಿನ ಮುಳ್ಳು ಇಳಿದು, ಸ್ವಲ್ಪ ಒತ್ತಿದ್ರೆ ಡಿಸ್ಕ್ ನಿಂತೇ ಬಿಡುತ್ತೆ. ತಕ್ಕ ಕಂಪ್ರೆಸರ್ ಅಂದ್ರೆ 5 ಎಚ್‌ಪಿ ಇಲ್ಲಾ ಅದಕ್ಕಿಂತ ದೊಡ್ಡದು, ಅದಕ್ಕೆ ತ್ರೀ ಫೇಸ್ ಲೈನ್. ಅದೇ ಕೆಲಸವನ್ನ 850 ವ್ಯಾಟಿನ ಕರೆಂಟ್ ಗ್ರೈಂಡರ್ ಮಾಡುತ್ತೆ.

ದೊಡ್ಡ ಉಕ್ಕಿನ ಕಾರ್ಖಾನೆ ಇರೋ ತೋರಣಗಲ್ಲಿನಂಥ ಕಡೆ, ಒತ್ತಡದ ಗಾಳಿಯ ಪೈಪು (ಏರ್ ಲೈನ್) ಮೊದಲೇ ಇರೋ ಕಾರ್ಖಾನೆಯಲ್ಲಿ, ನೀರು ನಿಂತ ಜಾಗದಲ್ಲಿ, ಶಾಕ್ ಹೊಡೆಯೋ ಭಯ ಇರೋ ಕಡೆ ಏರ್ ಗ್ರೈಂಡರೇ ಸರಿ, ಅದರಲ್ಲಿ ಎರಡು ಮಾತಿಲ್ಲ.

ಇನ್ನು ಕರೆಂಟ್ ಗ್ರೈಂಡರ್ ಸುಡೋ ವಿಷಯ. ಕಬ್ಬಿಣದ ಪುಡಿ ಗಾಳಿಕಿಂಡಿಯಿಂದ ಒಳಗೆ ಹೋಗಿ ವೈಂಡಿಂಗ್, ಅಂದ್ರೆ ಮೋಟರಿನ ತಂತಿ ಸುತ್ತು, ಹಾಳಾಗುತ್ತೆ. ಇರೋ ಸಣ್ಣ ಕಂಪ್ರೆಸರಿನಿಂದಲೇ ದಿನಾ ಸಂಜೆ ಊದಿ, ಮೋಟರಿನ ತಿರುಗೋ ಭಾಗಕ್ಕೆ ಕರೆಂಟ್ ಮುಟ್ಟಿಸೋ ಕಾರ್ಬನ್ ಬ್ರಷ್ ಸವೆದಾಗ ಬದಲಿಸಿ ಅಂತ ಒಂದು ಸಾಲು ಸೇರಿಸಿ ಸರ್. ಹೊಸದಾಗಿ ಅಂಗಡಿ ಇಡೋ ಹುಡುಗರು ನಿಮ್ಮ ಲೇಖನ ಓದಿಯೇ ಸಾಲ ಮಾಡಿ ಏರ್ ಗ್ರೈಂಡರ್ ಕೊಳ್ಳೋಕೆ ಹೋಗ್ತಾರೆ.