ಸಿಮೆಂಟ್ ಚೀಲದಲ್ಲಿ ಅಣು ಕಸ ಇಲ್ಲ

"ಸೇಡಂ, ವಾಡಿ ಕಡೆಯ ಸಿಮೆಂಟಿಗೆ ಅಣು ಸ್ಥಾವರದ ಕಸ ಬೆರೆಸ್ತಾರೆ, ಮನೆ ಕಟ್ಟಬೇಡಿ" ಎಂಬ ಮೆಸೇಜ್ ಕಲಬುರಗಿಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಉಲ್ಟಾ ಸುದ್ದಿ. ಕಸ ಸಿಮೆಂಟಿನ ಹತ್ತಿರ ಬರುವುದಿಲ್ಲ, ಸಿಮೆಂಟೇ ಕಸದ ಹತ್ತಿರ ಹೋಗುತ್ತದೆ.

ಅಣು ಸ್ಥಾವರದ ಆವರಣದಲ್ಲೇ ಕಡಿಮೆ ವಿಕಿರಣದ ಕೆಸರನ್ನು ಸಿಮೆಂಟಿನಲ್ಲಿ ಕಲಸಿ, ಡ್ರಮ್ಮುಗಳಲ್ಲಿ ಗಟ್ಟಿ ಮಾಡುತ್ತಾರೆ. ಆಮೇಲೆ ಕಾಂಕ್ರೀಟ್ ಗುಂಡಿಗಳಲ್ಲಿ ಇಡುತ್ತಾರೆ.

ಸಿಮೆಂಟೇ ಯಾಕೆ? ಗಟ್ಟಿಯಾದ ಸಿಮೆಂಟಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಉಳಿಯುವ ನೀರು ಸುಣ್ಣದ ತಿಳಿನೀರಿನಷ್ಟೇ ಕ್ಷಾರ. ಪಿಎಚ್ 12.5ರ ಆಸುಪಾಸು, ಮೊದಮೊದಲು ಇನ್ನೂ ಜಾಸ್ತಿ. ಅಂಥ ನೀರಿನಲ್ಲಿ ಪ್ಲುಟೋನಿಯಂನಂಥ ಲೋಹಗಳು ತೀರಾ ಕಡಿಮೆ ಕರಗುತ್ತವೆ. ಕರಗದಿದ್ದರೆ ಹರಿದು ಹೋಗುವುದೂ ಕಷ್ಟ, ಅಲ್ವಾ? ಕಸದಲ್ಲಿರುವ ಸೀಸಿಯಂ ಎಂಬ ಲೋಹ ಮಾತ್ರ ಹಠಮಾರಿ. ಸಿಮೆಂಟ್ ಒಂದೇ ಅದನ್ನು ಸರಿಯಾಗಿ ಹಿಡಿದಿಡುವುದಿಲ್ಲ. ಅದಕ್ಕೇ ಕೆಲವೊಮ್ಮೆ ಜೇಡಿಮಣ್ಣಿನ ಜಾತಿಯ ಖನಿಜ ಸೇರಿಸುತ್ತಾರೆ. ಅದರ ವಿಕಿರಣಶೀಲ ರೂಪವಾದ ಸೀಸಿಯಂ-137ರ ವಿಕಿರಣ ಅರ್ಧಕ್ಕಿಳಿಯಲು ಸುಮಾರು 30 ವರ್ಷ ಬೇಕು ನೋಡಿ.

ತೀವ್ರ ವಿಕಿರಣದ ಕಸದ ದಾರಿಯೇ ಬೇರೆ. ಅದನ್ನು ಮಹಾರಾಷ್ಟ್ರದ ತಾರಾಪುರದಂಥ ಕಡೆ ಗಾಜಿನೊಳಗೆ ಸೇರಿಸಿ ಗಟ್ಟಿ ಮಾಡುತ್ತಾರೆ.

ನಮ್ಮ ಚೀಲಗಳ ಮೇಲೆ 'ಹಾರುಬೂದಿ' ಎಂದು ಇರುತ್ತದಲ್ಲ, ಬಹುಶಃ ಗೊಂದಲ ಅಲ್ಲಿಂದಲೇ ಶುರುವಾಗಿದೆ. ಅದು ವಿದ್ಯುತ್ ಸ್ಥಾವರದಲ್ಲಿ ಉರಿದ ಕಲ್ಲಿದ್ದಲಿನ ಬೂದಿ. ಅಣು ಸ್ಥಾವರದ್ದಲ್ಲ.