ಫಾದರ್ ಪ್ರೊ ಅವರ ಹದಿನಾರು ತಿಂಗಳು

1927ರ ನವೆಂಬರ್ 23ರ ಬೆಳಿಗ್ಗೆ ಮೆಕ್ಸಿಕೋ ನಗರದ ಪೊಲೀಸ್ ಕೇಂದ್ರದ ಅಂಗಳದಲ್ಲಿ ತೆಗೆದ ಛಾಯಾಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಕೋಟು ತೊಟ್ಟ, ಮೂವತ್ತಾರು ವಯಸ್ಸಿನ ಯೇಸುಸಭೆಯೆಂಬ ಕಥೋಲಿಕ ಸಂನ್ಯಾಸಿ ಸಂಘದ ಗುರು (ಪಾದ್ರಿ) ಮಿಗೆಲ್ ಅಗುಸ್ತಿನ್ ಪ್ರೊ ಅವರು ಕಣ್ಣಿಗೆ ಬಟ್ಟೆ ಕಟ್ಟಿಸಿಕೊಳ್ಳಲು ಒಪ್ಪದೆ, ಒಂದು ಕೈಯಲ್ಲಿ ಶಿಲುಬೆ, ಇನ್ನೊಂದರಲ್ಲಿ ಜಪಸರ ಹಿಡಿದು, ಬಂದೂಕುಗಳ ಎದುರು ತೋಳು ಚಾಚಿ ನಿಂತಿದ್ದಾರೆ. ಅವರನ್ನು ನೆನೆಯುವಾಗ ನಾವು ಈ ಕೊನೆಯ ಕ್ಷಣಕ್ಕೇ ಅಂಟಿಕೊಳ್ಳುತ್ತೇವೆ. ಅದಕ್ಕಿಂತ ಹಿಂದಿನ ಹದಿನಾರು ತಿಂಗಳನ್ನು ತಿಳಿಯದೆ ಆ ಸಾವು ಅರ್ಥವಾಗುವುದಿಲ್ಲವೆಂಬುದು ನನ್ನ ದೃಢ ಅಭಿಪ್ರಾಯ.

1891ರಲ್ಲಿ ಝಕಾತೆಕಾಸ್ ಪ್ರಾಂತ್ಯದ ಗ್ವಾದಲೂಪೆಯಲ್ಲಿ ಹುಟ್ಟಿದ ಪ್ರೊ, ಗಣಿ ಎಂಜಿನಿಯರರ ಮಗ. 1911ರಲ್ಲಿ ಯೇಸುಸಭೆ ಸೇರಿದ ಅವರನ್ನು ಮೆಕ್ಸಿಕೋದ ಕ್ರಾಂತಿಯ ಗಲಭೆಗಳು ದೇಶದಿಂದ ಹೊರಗಟ್ಟಿದವು. ಕ್ಯಾಲಿಫೋರ್ನಿಯಾ, ಸ್ಪೇನ್, ನಿಕರಾಗುವಾಗಳನ್ನು ದಾಟಿ, 1925ರಲ್ಲಿ ಬೆಲ್ಜಿಯಂನಲ್ಲಿ ಗುರುದೀಕ್ಷೆ ಪಡೆದರು. ಹೊಟ್ಟೆಯ ಹುಣ್ಣಿಗೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆಯಾಗಿ ದೇಹ ಸೋತಿದ್ದಾಗಲೇ, 1926ರ ಜುಲೈಯಲ್ಲಿ ತಾಯ್ನಾಡಿಗೆ ಮರಳಿದರು.

ಅವರು ಬಂದಿಳಿದು ಒಂದು ತಿಂಗಳೂ ಆಗಿರಲಿಲ್ಲ. 1917ರ ಸಂವಿಧಾನದ ಧರ್ಮವಿರೋಧಿ ವಿಧಿಗಳಿಗೆ ಶಿಕ್ಷೆಯ ಬಲ ಕೊಟ್ಟ ಅಧ್ಯಕ್ಷ ಪ್ಲುತಾರ್ಕೊ ಎಲಿಯಾಸ್ ಕಾಯೆಸರ ಕಾನೂನು ಜಾರಿಗೆ ಬಂತು. ಅದನ್ನು ಪ್ರತಿಭಟಿಸಿ ಧರ್ಮಾಧ್ಯಕ್ಷರು (ಬಿಷಪ್ಪರು) ಬಹಿರಂಗ ಆರಾಧನೆಯನ್ನೇ ನಿಲ್ಲಿಸಿದರು. ಗುರುಗಳಿಲ್ಲದ ಬಲಿಪೀಠಗಳು ಬರಿದಾದವು. ಆಗ ಫಾದರ್ ಪ್ರೊ ಮನೆಮನೆಗಳಲ್ಲಿ ಗುಟ್ಟಾಗಿ ಪರಮಪ್ರಸಾದ (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ) ಹಂಚುವ ಕೇಂದ್ರಗಳನ್ನು ಏರ್ಪಡಿಸಿದರು. ಒಮ್ಮೆ ಕಾರ್ಮಿಕನ ಉಡುಪಿನಲ್ಲಿ, ಒಮ್ಮೆ ಸೊಗಸುಗಾರನ ವೇಷದಲ್ಲಿ, ಪೊಲೀಸರ ಕಣ್ಣೆದುರೇ ಸೈಕಲ್ ತುಳಿದು ಓಡಾಡುತ್ತ ಪಾಪನಿವೇದನೆ ಕೇಳಿದರು, ಮರಣಶಯ್ಯೆಯಲ್ಲಿದ್ದವರ ಬಳಿಗೆ ಹೋದರು, ಬಡ ಕುಟುಂಬಗಳಿಗೆ ಅಕ್ಕಿಬೇಳೆಯಂತಹ ದಿನಸಿಯನ್ನೂ ಬಾಡಿಗೆಯ ಹಣವನ್ನೂ ಹೊಂದಿಸಿಕೊಟ್ಟರು. ಜನರನ್ನು ನಗಿಸುವುದು ಅವರಿಗೆ ಬಾಲ್ಯದಿಂದಲೇ ಒಲಿದ ಗುಣ. ಭಯ ಕವಿದ ಆ ಮನೆಗಳಿಗೆ ಅದೂ ಬೇಕಾಗಿತ್ತು.

ಅದೇ ಕಾಲದಲ್ಲಿ ಹಳ್ಳಿಗಾಡಿನಲ್ಲಿ ಸರ್ಕಾರದ ವಿರುದ್ಧ ಕಥೋಲಿಕರ ಸಶಸ್ತ್ರ ಕ್ರಿಸ್ತೇರೊ ಬಂಡಾಯ ಹೊತ್ತಿಕೊಂಡು, ಎರಡೂ ಕಡೆ ರಕ್ತ ಹರಿದದ್ದನ್ನು ಮರೆಮಾಚಬೇಕಾಗಿಲ್ಲ. ಆದರೆ ಫಾದರ್ ಪ್ರೊ ಆಯುಧ ಹಿಡಿದವರಲ್ಲ. 1927ರ ನವೆಂಬರ್ 13ರಂದು ಮಾಜಿ ಅಧ್ಯಕ್ಷ ಆಲ್ವಾರೊ ಒಬ್ರೆಗೊನ್‌ರ ಮೇಲೆ ಬಾಂಬ್ ಎಸೆಯಲು ಬಳಸಿದ ಕಾರು ಹಿಂದೆ ಪ್ರೊ ಅವರ ಸಹೋದರನದಾಗಿತ್ತೆಂಬ ಸುಳಿವು ಹಿಡಿದು, ಪೊಲೀಸರು ಅವರನ್ನೂ ತಮ್ಮಂದಿರಾದ ಉಂಬೆರ್ತೊ, ರೊಬೆರ್ತೊರನ್ನೂ ಬಂಧಿಸಿದರು. ಸಂಚು ತನ್ನದೆಂದು ಲೂಯಿಸ್ ಸೆಗುರಾ ವಿಲ್ಚಿಸ್ ಎಂಬ ಯುವ ಎಂಜಿನಿಯರ್ ಒಪ್ಪಿಕೊಂಡರೂ ಗುರುವಿಗೆ ಬಿಡುಗಡೆಯಾಗಲಿಲ್ಲ. ವಿಚಾರಣೆಯಿಲ್ಲ, ನ್ಯಾಯಾಲಯವಿಲ್ಲ. ಒಂದು ಸರ್ಕಾರಕ್ಕೆ ತನ್ನ ಆರೋಪದಲ್ಲಿ ನಂಬಿಕೆಯಿದ್ದರೆ ನ್ಯಾಯಾಧೀಶರ ಮುಂದೆ ಅದನ್ನಿಡಲು ಅಂಜುವುದೇಕೆ?

ಕೊಲ್ಲಲು ಕರೆದೊಯ್ಯುವಾಗ ಬಂಧನದಲ್ಲಿ ಪಾಲ್ಗೊಂಡಿದ್ದ ಪೊಲೀಸನೊಬ್ಬ ಕ್ಷಮೆ ಬೇಡಿದನು. ಕ್ಷಮಿಸಿದ್ದಲ್ಲದೆ ಪ್ರೊ ಅವನಿಗೆ ಕೃತಜ್ಞತೆಯನ್ನೂ ಹೇಳಿದರು. “ಕ್ರಿಸ್ತರಾಜನಿಗೆ ಜಯವಾಗಲಿ” ಎಂಬುದು ಅವರ ಕೊನೆಯ ಮಾತು. ಉಂಬೆರ್ತೊ ಅದೇ ದಿನ ಗುಂಡಿಗೆ ಬಲಿಯಾದನು, ರೊಬೆರ್ತೊ ಉಳಿದನು. ಜನರು ಬೆದರಲೆಂದು ಸರ್ಕಾರ ಚಿತ್ರಗಳನ್ನು ಪತ್ರಿಕೆಗಳಿಗೆ ಕೊಟ್ಟಿತು. ಪೂಜೆ ನಿಂತುಹೋಗಿದ್ದ ಆ ನಗರದಲ್ಲಿ ಮರುದಿನ ಸಾವಿರಾರು ಜನ ಅವರ ಶವಪೆಟ್ಟಿಗೆಯ ಹಿಂದೆ ಹಾಡುಹಗಲೇ ನಡೆದರು.