ಕರಾಟೆ: ಮೊಬೈಲ್ ನೋಡಿ ಕಲಿಯಬಹುದಾ, ಮಾಸ್ಟರ್ ಬೇಕೇ ಬೇಕಾ?

ಪರ: ವಿಡಿಯೋ ಹಾಕಿ, ಶುರು ಮಾಡಿ

ಕರಾಟೆ ಕ್ಲಾಸ್ ಎಲ್ಲ ಊರಲ್ಲೂ ಇಲ್ಲ. ಇರುವ ಕಡೆಯೂ ಹೆಚ್ಚಾಗಿ ಸಂಜೆ ಮಕ್ಕಳ ಬ್ಯಾಚ್, ಅಷ್ಟೇ. ನಲವತ್ತು ದಾಟಿದವರು, ರಾತ್ರಿ ಪಾಳಿಯವರು, ಕೈಗೂಸು ಬಿಟ್ಟು ಹೊರಡಲಾಗದ ತಾಯಂದಿರು ಎಲ್ಲಿಗೆ ಹೋಗಬೇಕು?

ಅದೂ ಅಲ್ಲದೆ ಕರಾಟೆಯಲ್ಲಿ ಒಬ್ಬರೇ ಮಾಡುವ ಅಭ್ಯಾಸವೇ ಜಾಸ್ತಿ. ಪಂಚ್, ಬ್ಲಾಕ್, ತಿರುಗುವುದು ಎಲ್ಲವನ್ನೂ ಒಂದು ಕ್ರಮದಲ್ಲಿ ಪೋಣಿಸಿದ ವರಸೆಗೆ ಕಾಟಾ ಅನ್ನುತ್ತಾರೆ. ಶೋಟೋಕಾನ್ ಶೈಲಿಯ ಹೇಯಾನ್ ಶೋದಾನ್ ಎಂಬ ಕಾಟಾದಲ್ಲಿ 21 ಚಲನೆಗಳಿವೆ. ಕ್ಲಾಸ್‌ನಲ್ಲಿ ಮಾಸ್ಟರ್ ಎರಡು ಸಲ ತೋರಿಸುತ್ತಾರೆ. ಮೂರನೇ ಸಲ ಕೇಳೋಕೆ ನಮಗೇ ಮುಜುಗರ. ವಿಡಿಯೋಗೆ ಬೇಜಾರಿಲ್ಲ. ವೇಗ ಕಾಲು ಭಾಗಕ್ಕೆ ಇಳಿಸಿ, ಸೊಂಟ ಮೊದಲು ತಿರುಗಿತಾ, ಕೈ ಮೊದಲು ಬಂತಾ ಅಂತ ಬೇಕಾದಷ್ಟು ಸಲ ನೋಡಬಹುದು. ವಿಶ್ವ ಚಾಂಪಿಯನ್ನರ ಕಾಟಾ ನಮ್ಮ ಮನೆ ಹಾಲ್‌ಗೇ ಬರುತ್ತದೆ.

ಇದು ಹೊಸ ವಿಚಾರವೂ ಅಲ್ಲ. ಶೋಟೋಕಾನ್ ಶೈಲಿಯ ಮೂಲ ಗುರು ಗಿಚಿನ್ ಫುನಾಕೋಶಿ 1922ರಲ್ಲಿ ಕರಾಟೆಯ ತವರಾದ ಓಕಿನಾವಾ ದ್ವೀಪದಿಂದ ಟೋಕಿಯೋಗೆ ಬಂದರು. ಅದೇ ವರ್ಷ ಚಿತ್ರಗಳ ಸಮೇತ ಕರಾಟೆ ಪುಸ್ತಕವನ್ನೂ ಹೊರತಂದರು. ಕಾಗದದ ಮೇಲಿನ ನಿಂತ ಚಿತ್ರ ನೋಡಿ ಕಲಿಯಬಹುದಾದರೆ ಓಡುವ ಚಿತ್ರದಿಂದ ಏಕಾಗಬಾರದು? 2020ರ ಲಾಕ್‌ಡೌನ್‌ನಲ್ಲಿ ಕಾಟಾ ಸ್ಪರ್ಧೆಗಳೇ ವಿಡಿಯೋದಲ್ಲಿ ನಡೆದವು. ಅಂಗಳದಲ್ಲಿ ಮಾಡಿ, ರೆಕಾರ್ಡ್ ಮಾಡಿ ಕಳಿಸಿದರಾಯಿತು.

ಬೇರೆ ಆಟದಲ್ಲೂ ಇದು ಗೆದ್ದಿದೆ. ಕೆನ್ಯಾದ ಜೂಲಿಯಸ್ ಯೇಗೋ ಯೂಟ್ಯೂಬ್ ನೋಡಿ ಜಾವೆಲಿನ್ ಎಸೆತ ಕಲಿತವರು. 2015ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 92.72 ಮೀಟರ್ ಎಸೆದು ಚಿನ್ನ ಗೆದ್ದರು.

ಇನ್ನು ದುಡ್ಡಿನ ಮಾತು. ಕೆಲವು ತಿಂಗಳಿಗೊಮ್ಮೆ ಬೆಲ್ಟ್ ಟೆಸ್ಟ್. ಅದಕ್ಕೆ ಫೀಸು, ಹೊಸ ಬೆಲ್ಟು, ಸರ್ಟಿಫಿಕೇಟು. ಹಣ ಕಟ್ಟಿದ ಎಲ್ಲರೂ ಪಾಸ್ ಆಗುವ ಟೆಸ್ಟ್ ಎಂಥ ಟೆಸ್ಟ್? ಕಳಪೆ ಕ್ಲಾಸ್‌ಗೆ ಸುರಿಯುವ ಬದಲು ಒಳ್ಳೆಯ ಗುರುವಿನ ವಿಡಿಯೋ ಪುಕ್ಕಟೆ ನೋಡುವುದೇ ಮೇಲು.

ವಿರೋಧ: ಕಾಲು ಸರಿಪಡಿಸೋರು ಯಾರು?

ಆ ಹೇಯಾನ್ ಶೋದಾನ್ ಅನ್ನೇ ತೆಗೆದುಕೊಳ್ಳಿ. ಅದರ ಮುಖ್ಯ ನಿಲುವು ಜೆಂಕುತ್ಸು-ದಾಚಿ. ಮುಂದಿನ ಮಂಡಿ ಬಗ್ಗಿರಬೇಕು, ಹಿಂದಿನ ಕಾಲು ನೆಟ್ಟಗಿರಬೇಕು, ಎರಡು ಪಾದಗಳ ನಡುವೆ ಭುಜದಷ್ಟು ಅಗಲ ಇರಬೇಕು. ಪಕ್ಕದಿಂದ ತೆಗೆದ ವಿಡಿಯೋದಲ್ಲಿ ಹೆಜ್ಜೆಯ ಉದ್ದ ಕಾಣುತ್ತದೆ, ಅಗಲ ಕಾಣುವುದಿಲ್ಲ. ಎದುರಿನಿಂದ ತೆಗೆದರೆ ಅಗಲ ಕಾಣುತ್ತದೆ, ಉದ್ದ ಗೊತ್ತಾಗುವುದಿಲ್ಲ. ಹಾಗಾಗಿ ಹೊಸಬರು ಹಗ್ಗದ ಮೇಲೆ ನಡೆಯುವವರ ಹಾಗೆ ಒಂದೇ ಗೆರೆಯಲ್ಲಿ ನಿಲ್ಲುತ್ತಾರೆ. ಪಕ್ಕದಿಂದ ಸುಮ್ನೆ ಬೆರಳಲ್ಲಿ ತಳ್ಳಿದರೂ ವಾಲುತ್ತಾರೆ. ಮುಂದಿನ ಮಂಡಿ ಒಳಗೆ ವಾಲಿರುತ್ತದೆ. ಅದು ನೋಯೋಕೆ ಶುರುವಾಗುವ ಹೊತ್ತಿಗೆ ಅಭ್ಯಾಸ ಗಟ್ಟಿಯಾಗಿರುತ್ತದೆ.

ಕ್ಲಾಸ್‌ನಲ್ಲಿ ಮಾಸ್ಟರ್ ಹಿಂದಿನಿಂದ ಬಂದು, ತಮ್ಮ ಕಾಲಿನಿಂದ ನಿಮ್ಮ ಪಾದವನ್ನು ಒಂದು ಗೇಣು ಆಚೆ ಸರಿಸುತ್ತಾರೆ. ಮುಗೀತು. ‘ನಾನೇ ರೆಕಾರ್ಡ್ ಮಾಡಿ ನೋಡ್ಕೋತೀನಿ’ ಅನ್ನುವವರಿದ್ದಾರೆ. ತಪ್ಪು ಯಾವುದು ಅಂತ ಗೊತ್ತಿದ್ದರೆ ತಾನೇ ಅದು ಕಣ್ಣಿಗೆ ಬೀಳೋದು?

ಕಾಟಾ ಬಿಡಿ, ಎದುರಾಳಿಯ ವಿಷಯಕ್ಕೆ ಬನ್ನಿ. ಗಾಳಿಗೆ ಹೊಡೆದ ಪಂಚ್ ಯಾವತ್ತೂ ಗುರಿ ತಪ್ಪುವುದಿಲ್ಲ. ಗಾಳಿ ಹಿಂದೆ ಸರಿಯಲ್ಲ, ತಿರುಗಿ ಹೊಡೆಯಲ್ಲ. ಮುಖದ ಕಡೆಗೆ ಮೊದಲ ಸಲ ನಿಜವಾದ ಕೈ ಬಂದಾಗ ಹೆಚ್ಚಿನವರು ಕಣ್ಣು ಮುಚ್ಚುತ್ತಾರೆ. ಉಸಿರು ಹಿಡಿಯುತ್ತಾರೆ, ಕಲಿತ ಬ್ಲಾಕ್ ಮರೆಯುತ್ತಾರೆ. ಎಷ್ಟು ದೂರದಲ್ಲಿ ನಿಂತರೆ ಏಟು ತಗಲುತ್ತದೆ, ಎಷ್ಟರಲ್ಲಿ ತಪ್ಪುತ್ತದೆ ಅನ್ನುವುದು ಇನ್ನೊಬ್ಬ ಮನುಷ್ಯನ ಎದುರು ನಿಂತೇ ಗೊತ್ತಾಗಬೇಕು. ವಿಡಿಯೋ ಕೊಡುವ ಧೈರ್ಯದ ಬಗ್ಗೆ ನನಗಿರುವ ಭಯ ಇದೇ. ಬೀದಿಯಲ್ಲಿ ಅದು ಓಡುವ ಬುದ್ಧಿಯನ್ನೂ ಕಸಿದುಕೊಳ್ಳುತ್ತದೆ.

ಎಸೆಯುವ, ಹಿಡಿತ ಹಾಕುವ ಜೂಡೋ, ಜಿಯು-ಜಿಟ್ಸು ಕಡೆ ಹೋದರೆ ಅಪಾಯ ಇನ್ನೂ ಜಾಸ್ತಿ. ಜಿಗೊರೊ ಕಾನೊ 1882ರಲ್ಲಿ ಕೊಡೊಕಾನ್ ಎಂಬ ಶಾಲೆ ಕಟ್ಟಿ ಬೆಳೆಸಿದ ಜೂಡೋದಲ್ಲಿ ಎಸೆಯುವುದಕ್ಕೆ ಮುಂಚೆ ಬೀಳುವುದನ್ನು ಕಲಿಸುತ್ತಾರೆ. ಗದ್ದ ಎದೆಗೆ ಒತ್ತಿ, ಅಂಗೈ ನೆಲಕ್ಕೆ ಬಡಿದು, ತಲೆ ತಗಲದಂತೆ ಬೀಳಬೇಕು. ರೀಲ್ಸ್‌ನಲ್ಲಿ ಇದನ್ನು ಯಾರು ನೋಡ್ತಾರೆ? ಕುತ್ತಿಗೆ ಹಿಡಿತವಂತೂ ಬೇಡವೇ ಬೇಡ. ಕುತ್ತಿಗೆಯ ಎರಡೂ ಪಕ್ಕದ ರಕ್ತನಾಳ ಸರಿಯಾಗಿ ಅದುಮಿದರೆ ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಕ್ಲಾಸ್‌ನಲ್ಲಿ ಎದುರಿನವರು ‘ಸಾಕು’ ಅಂತ ಕೈ ತಟ್ಟಿದ ತಕ್ಷಣ ಬಿಡಬೇಕು ಅನ್ನುವುದು ಮೊದಲ ಪಾಠ, ನೋಡಿಕೊಳ್ಳೋಕೆ ಒಬ್ಬರು ಇರುತ್ತಾರೆ. ತಾರಸಿ ಮೇಲೆ ಇಬ್ಬರೇ ಹುಡುಗರು ಟ್ರೈ ಮಾಡುವಾಗ ಯಾರಿದ್ದಾರೆ? ನಮ್ಮ ಗರಡಿಗಳಲ್ಲಿ ಮಟ್ಟಿಯ ಮಣ್ಣಿಗಿಳಿದು, ಮೈಗೆ ಮೈ ಕೊಟ್ಟು ಪಟ್ಟು ಕಲಿಸುವುದೂ ಸುಮ್ನೆ ಶಾಸ್ತ್ರಕ್ಕಲ್ಲ.

ಯೇಗೋ ಕಥೆ ಹೇಳುವವರು ಅದರ ಅರ್ಧ ಬಿಟ್ಟಿರುತ್ತಾರೆ. ಜಾವೆಲಿನ್‌ಗೆ ಎದುರಾಳಿಯ ಕೈ ಅಡ್ಡ ಬರುವುದಿಲ್ಲ. ಅಲ್ಲದೆ ಅವರು ಚಿನ್ನ ಗೆಲ್ಲುವ ಮುಂಚೆ ಫಿನ್ಲೆಂಡ್‌ಗೆ ಹೋಗಿ ಕೋಚ್ ಹತ್ತಿರ ತರಬೇತಿ ಪಡೆದಿದ್ದರು. ಫುನಾಕೋಶಿ ಕೂಡ ಪುಸ್ತಕ ಬರೆದು ಮನೆಯಲ್ಲಿ ಕೂರಲಿಲ್ಲ, ಬದುಕಿಡೀ ಕಲಿಸಿದರು.

ಬೆಲ್ಟ್ ದಂಧೆ ಇದೆ, ಇಲ್ಲ ಅನ್ನೋಲ್ಲ. ಅದಕ್ಕೇ ಫೀಸು ಕಟ್ಟುವ ಮುಂಚೆ ಒಂದು ದಿನ ಹೋಗಿ ಕೂತು ನೋಡಿ. ಮಾಸ್ಟರ್ ಸಾಲಿನ ಮಧ್ಯೆ ಓಡಾಡಿ ಒಬ್ಬೊಬ್ಬರ ಮಂಡಿ, ಮುಷ್ಟಿ ಸರಿ ಮಾಡ್ತಾರಾ, ಇಲ್ಲ ಮುಂದೆ ನಿಂತು ‘ಇಚಿ, ನಿ, ಸಾನ್’ ಅಂತ ಎಣಿಸುತ್ತಾರಾ? ಬರೀ ಎಣಿಸುವವರಾದರೆ ಎದ್ದು ಬನ್ನಿ, ಅಂಥ ಕ್ಲಾಸ್‌ಗಿಂತ ವಿಡಿಯೋನೇ ವಾಸಿ.